ನಂಬರೋ, ಮನುಷ್ಯನೋ?

ನಮ್ಮ ಊರಿನಲ್ಲಿ ಕಾರ್ ರೇಸಿನ ಅಂಕಪಟ್ಟಿ ಎಂದರೆ ಟ್ವೈಲಾಳ ಬಿಸ್ಕತ್ ಅಂಗಡಿಯ ಕರಿಹಲಗೆ. ಫೋನಿನಲ್ಲಿ ಬರುವುದು, ಟಿವಿಯಲ್ಲಿ ಕೋಟು ತೊಟ್ಟವರು ಹೇಳುವುದು, ಅದೆಲ್ಲ ಆಮೇಲಿನ ಮಾತು. ಭಾನುವಾರ ರೇಸು ಮುಗಿದರೆ ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ನನ್ನ ಅತ್ತಿಗೆ ವರ್ಲೀನ್ ಮೂರು ಮೆಟ್ಟಿಲಿನ ಏಣಿ ಹತ್ತಿ ಸೀಮೆಸುಣ್ಣದಲ್ಲಿ ಏನು ಬರೆಯುತ್ತಾಳೋ ಅದೇ ನಮಗೆ ಸತ್ಯ. ಮೂವತ್ತಾರು ಕಾರು, ಮೂವತ್ತಾರು ಚಾಲಕರು, ಎದುರಿಗೆ ಅವರವರ ಅಂಕ. ಇಪ್ಪತ್ತೆರಡು ವರ್ಷದಿಂದ ಅವಳು ಒಂದು ಸೋಮವಾರವನ್ನೂ ತಪ್ಪಿಸಿಲ್ಲ. ತನ್ನ ಗಂಡ ತೀರಿಕೊಂಡ ವಾರವೂ ಬಂದಿದ್ದಳು.

ಗಂಡ ಅಂದರೆ ನನ್ನ ಅಣ್ಣ ಗ್ರೇಡಿ. ನಾನು ಹಾರ್ಲನ್ ಫೆಸ್ಪರ್ಮನ್. ಟವೆಲ್ ಮಿಲ್ಲಿನಲ್ಲಿ ಮೂವತ್ತೊಂದು ವರ್ಷ ಮಗ್ಗ ರಿಪೇರಿ ಮಾಡಿದವನು, ಮಿಲ್ಲು ಮುಚ್ಚಿದ ಮೇಲೆ ಸಿಕ್ಕಿದ್ದನ್ನೆಲ್ಲ ರಿಪೇರಿ ಮಾಡಿದವನು. ಮುಂಗೋಪಿ ಎಂದು ಹೆಸರಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅಣ್ಣನಿಗೂ ನನಗೂ ಮುಖ ಒಂದೇ ಅಚ್ಚು. ಗುಣದಲ್ಲಿ ಮಾತ್ರ ಹೋಲಿಕೆಯಿಲ್ಲ. ಅವನು ಕಾಫಿಗೆ ಮೂರು ಚಮಚ ಸಕ್ಕರೆ ಸುರಿದುಕೊಂಡು ಕಂಡವರ ಜೊತೆಗೆಲ್ಲ ನಗುತ್ತಿದ್ದ. ನನಗೆ ಕಾಫಿ ಕಪ್ಪಗೇ ಇರಬೇಕು, ಜನ ಕಡಿಮೆ ಇರಬೇಕು.

ವರ್ಲೀನಳನ್ನು ಅವನಿಗಿಂತ ಮೊದಲು ಕಂಡವನು ನಾನು. ಮಿಲ್ಲಿನ ಬಟ್ಟೆ ತಪಾಸಣೆ ಕೋಣೆಯಲ್ಲಿ ಅವಳ ಕೆಲಸ. ಕಣ್ಣೆದುರು ಟವೆಲ್ಲು ಓಡುತ್ತಿದ್ದರೆ ಇಷ್ಟು ಗಜಕ್ಕೆ ಇಷ್ಟು ತಪ್ಪು ಎಂದು ಕೈಯಲ್ಲಿ ಪೆನ್ಸಿಲ್ ಇಲ್ಲದೆ ಹೇಳುತ್ತಿದ್ದಳು. ಸಂಜೆ ಕೂಡಿ ನೋಡಿದರೆ ಒಂದೂ ಹೆಚ್ಚುಕಡಿಮೆ ಇರುತ್ತಿರಲಿಲ್ಲ. ಶನಿವಾರ ಸಂಜೆ ನಮ್ಮಪ್ಪ ಮಣ್ಣಿನ ಟ್ರ್ಯಾಕಿನಲ್ಲಿ ತನ್ನ ಹಳೇ ಕಾರು ಓಡಿಸುತ್ತಿದ್ದ. ಅದರ ಬಾಗಿಲಿಗೆ ಮನೆಗೆ ಬಳಿಯುವ ಬಣ್ಣದಲ್ಲೇ 72 ಎಂದು ಬರೆದಿತ್ತು. ಅಲ್ಲಿಗೆ ಬಂದ ವರ್ಲೀನ್ ಬೇಲಿಯ ಪಕ್ಕ ನಿಂತು, ಯಾರು ಯಾವ ಸುತ್ತಿನಲ್ಲಿದ್ದಾರೆ ಎಂದು ಮೈಕಿನವನಿಗಿಂತ ಮೊದಲೇ ಹೇಳಿದಳು. ಗ್ರೇಡಿ ಅವತ್ತೇ ಅವಳಿಗೆ ಮನಸೋತ. ನಾನು ಎರಡು ವಾರ ತಡ ಮಾಡಿದ್ದೆ, ಇರಲಿ.

ಅಪ್ಪನ ನಂಬರು ಹಿರಿಯ ಮಗನಿಗೆ ಹೋಯಿತು. ದೊಡ್ಡ ರೇಸಿನಲ್ಲಿ 72ನೇ ಕಾರು ಯಾರು ಓಡಿಸಿದರೂ ಗ್ರೇಡಿ ಅವರ ಕಡೆ. ಕೊನೆಯ ಹನ್ನೊಂದು ವರ್ಷ ಅದನ್ನು ಓಡಿಸಿದವನು ಕೋಯ್ ಲ್ಯಾಂಬೆತ್. ಕೋಯ್ ನಮ್ಮ ಪಕ್ಕದ ಊರಿನವನೇ. ಮಣ್ಣಿನ ಟ್ರ್ಯಾಕಿನಲ್ಲಿ ಅವನು ಕಲಿಯುತ್ತಿದ್ದಾಗ ಅವನ ಕಾರ್ಬ್ಯುರೇಟರನ್ನು ಗ್ರೇಡಿ ನಮ್ಮ ಶೆಡ್ಡಿನಲ್ಲಿ ಬಿಚ್ಚಿ ಜೋಡಿಸಿಕೊಟ್ಟಿದ್ದ. ಹಾಗಾಗಿ ಗ್ರೇಡಿಗೆ ನಂಬರೂ ಮನೆಯದೇ, ಮನುಷ್ಯನೂ ಮನೆಯವನೇ. ಹನ್ನೊಂದು ವರ್ಷ ಅದರಿಂದ ಏನೂ ತೊಂದರೆ ಆಗಲಿಲ್ಲ.

ಟ್ವೈಲಾಳ ಅಂಗಡಿಯಲ್ಲಿ ನಮ್ಮೆಲ್ಲರ ಕಾಫಿ ಮಗ್ಗುಗಳು ಗೋಡೆಯ ಕೊಕ್ಕೆಗೆ ನೇತಾಡುತ್ತವೆ. ಒಂದೊಂದರ ಮೇಲೂ ಅವರವರ ಕಾರಿನ ನಂಬರು. ನನ್ನದು 39. ಚಾಲಕರು ಒಂದೇ ಕಾರಿನಲ್ಲಿ ಉಳಿಯುವುದಿಲ್ಲವಲ್ಲ, ಚಳಿಗಾಲದಲ್ಲಿ ಒಂದು ತಂಡ ಬಿಟ್ಟು ಇನ್ನೊಂದಕ್ಕೆ ಜಿಗಿಯುತ್ತಾರೆ. ಆಗ ಅಭಿಮಾನಿ ಏನು ಮಾಡಬೇಕು? ಇದಕ್ಕಾಗಿ ನಮ್ಮಲ್ಲಿ ಒಂದು ಪದ್ಧತಿ ಇದೆ. ಡೇಟೋನಾದಲ್ಲಿ ನಡೆಯುವ ವರ್ಷದ ಮೊದಲ ರೇಸಿಗೆ ಆರು ದಿನ ಮುಂಚೆ, ಸೋಮವಾರ, ಎಲ್ಲರೂ ಸೇರುತ್ತೇವೆ. ಯಾರ ಚಾಲಕ ಕಾರು ಬದಲಾಯಿಸಿದ್ದಾನೋ ಅವರ ಹೆಸರನ್ನು ಡ್ವೈಟ್ ಬ್ಯಾರಿಂಜರ್ ಕೂಗುತ್ತಾನೆ. ಡ್ವೈಟ್ ಶಾಲೆಯ ಬಸ್ಸುಗಳ ಮೆಕ್ಯಾನಿಕ್ ಆಗಿದ್ದವನು, ಪದ್ಧತಿಯ ಕಾವಲುಗಾರ. ಹೆಸರು ಕೂಗಿ ಕೇಳುತ್ತಾನೆ: ನಂಬರೋ, ಮನುಷ್ಯನೋ? ಎದ್ದು ನಿಂತು ಒಂದೇ ಮಾತಿನಲ್ಲಿ ಹೇಳಬೇಕು. ನಂಬರು ಎಂದರೆ ಮಗ್ಗು ಹಾಗೇ ಉಳಿಯುತ್ತದೆ. ಮನುಷ್ಯ ಎಂದರೆ ಹಳೇ ನಂಬರು ಕೆರೆದು ಹೊಸದು ಬರೆಯುತ್ತಾರೆ. ಎರಡೂ ಎನ್ನುವಂತಿಲ್ಲ. ಸೋಮವಾರಕ್ಕೆ ಮೊದಲು ಯಾರಿಗೂ ಬಾಯಿ ಬಿಡುವಂತಿಲ್ಲ, ಹೆಂಡತಿಗೂ. ಬಿಟ್ಟರೆ ಆ ಕಾರಿಗೆ ಕೆಟ್ಟದಾಗುತ್ತದೆಂದು ನಂಬಿಕೆ.

ಮೂರು ಚಳಿಗಾಲದ ಹಿಂದೆ ಕೋಯ್ ಲ್ಯಾಂಬೆತ್ 72 ಬಿಟ್ಟು 58ನೇ ಕಾರಿಗೆ ಹೋದ. ಇಡೀ ಅಂಗಡಿ ಗ್ರೇಡಿಯ ಮುಖ ನೋಡಿತು. ಅವನು ನಕ್ಕು "ಸೋಮವಾರ ಹೇಳ್ತೀನಿ" ಎಂದ. ಬುಧವಾರ ಊಟಕ್ಕೆ ಕೂತಾಗ ವರ್ಲೀನ್ ಕೇಳಿದಳಂತೆ. "ನಿಂಗ್ ಹೇಳಿದ್ರೆ ಡೇಟೋನಾದಲ್ಲಿ ಟೈರ್ ಒಡೆಯತ್ತೆ ಕಣೇ" ಎಂದು ಅವಳ ತಟ್ಟೆಯಿಂದ ಒಂದು ತುಂಡು ಮೀನು ಎತ್ತಿಕೊಂಡನಂತೆ. ಗುರುವಾರ ಬೆಳಿಗ್ಗೆ ಶೂ ಲೇಸು ಕಟ್ಟುತ್ತ ಕೂತವನು ಕೂತಲ್ಲೇ ಹೋದ.

ಆ ಸೋಮವಾರ ಡ್ವೈಟ್ ಗ್ರೇಡಿಯ ಹೆಸರು ಕೂಗಲಿಲ್ಲ. ವರ್ಲೀನ್ ತಾನೇ ಹೇಳಿದಳು: "ಅವನ ಮಗ್ಗು ಇಳಿಸ್ಬೇಡಿ. ಏನ್ ಹೇಳೋನಿದ್ದ ಅಂತ ನಂಗೊತ್ತಿಲ್ಲ. ಮುಂದಿನ ವರ್ಷ ಹೇಳ್ತೀನಿ." ಮುಂದಿನ ವರ್ಷವೂ ಅದನ್ನೇ ಹೇಳಿದಳು. ಅದರ ಮುಂದಿನ ವರ್ಷವೂ. ಮಗ್ಗು ಕೊಕ್ಕೆಯಲ್ಲೇ ಇತ್ತು, ಟ್ವೈಲಾ ವಾರಕ್ಕೊಮ್ಮೆ ಧೂಳು ಒರೆಸುತ್ತಿದ್ದಳು.

ಈ ವರ್ಷದ ಗಲಾಟೆ ಜನವರಿಯಲ್ಲಿ ಶುರುವಾಯಿತು. ಚಾಂಪಿಯನ್ ಯಾರು ಎಂದು ತೀರ್ಮಾನಿಸುವ ನಿಯಮವನ್ನು ರೇಸು ನಡೆಸುವ ಮೇಲಿನವರು ಮತ್ತೆ ಬದಲಾಯಿಸಿದರು. ಮತ್ತೆ ಎಂದೆ, ಎಷ್ಟನೇ ಸಲ ಎಂದು ಕೇಳಬೇಡಿ. ನಾನು ಚಿಕ್ಕವನಿದ್ದಾಗ ವರ್ಷವಿಡೀ ಯಾರು ಹೆಚ್ಚು ಅಂಕ ಗಳಿಸಿದನೋ ಅವನೇ ಚಾಂಪಿಯನ್, ಮುಗಿಯಿತು. ಆಮೇಲೆ ಕೊನೆಯ ಹತ್ತು ರೇಸಿಗೆ ಬೇರೆ ಲೆಕ್ಕ ಬಂತು. ಆಮೇಲೆ ಮೂರು ಮೂರು ರೇಸಿಗೆ ನಾಲ್ಕು ಜನರನ್ನು ಆಚೆ ತಳ್ಳುವುದು ಬಂತು. ಆಮೇಲೆ ಒಂದೇ ರೇಸನ್ನು ಮೂರು ಭಾಗ ಮಾಡಿ ಭಾಗಕ್ಕಿಷ್ಟು ಅಂಕ ಎಂದರು. ಪ್ರತಿ ಸಲವೂ ನಮ್ಮ ಅಂಗಡಿಯಲ್ಲಿ ಒಂದು ತಿಂಗಳು ಜಗಳ, ಪ್ರತಿ ಸಲವೂ ವರ್ಲೀನ್ ಎರಡೇ ದಿನದಲ್ಲಿ ಅದನ್ನು ಅರೆದು ಕುಡಿದು ನಮಗೆ ತಿಳಿಸಿ ಹೇಳುತ್ತಿದ್ದಳು. ಈ ಸಲ ಹಾಗಾಗಲಿಲ್ಲ.

ಸುದ್ದಿ ಬಂದ ಕೆಲವು ದಿನಕ್ಕೆ, ಒಂದು ಬೆಳಿಗ್ಗೆ ಅಂಗಡಿಯಲ್ಲಿ ಡ್ವೈಟ್ ಲಿವರ್‌ಮಷ್ ಎಂಬ ಹಂದಿ ಲಿವರಿನ ಬಿಲ್ಲೆ ತುಂಬಿದ, ಬನ್ನಿನಂಥ ಬಿಸ್ಕತ್ತನ್ನು ಕೈಯಲ್ಲಿ ಹಿಡಿದೇ ಭಾಷಣ ಮಾಡುತ್ತಿದ್ದ.

"ಚಾಂಪಿಯನ್ ಪೈಪೋಟಿಗೆ ಹದಿನಾರು ಜನ ಇರ್ತಾರೆ. ಆದ್ರೆ ಒಂದ್ ರೇಸ್ ಗೆದ್ದಿದೀನಿ, ಒಳಗ್ ಬಿಡಿ ಅನ್ನೋ ಹಾಗಿಲ್ಲ ಈಗ."

"ಯಾರ್ ಹೇಳಿದ್ದು? ಗೆದ್ದೋನು ಒಳಗೇ," ಎಂದರು ಪಾಸ್ಟರ್ ಪರ್ವಿಸ್. ಅವರು ನಮ್ಮ ಬ್ಯಾಪ್ಟಿಸ್ಟ್ ಚರ್ಚಿನವರು. ಭಾನುವಾರ ರೇಸ್ ಇದ್ದರೆ ಪ್ರವಚನ ಹನ್ನೆರಡಕ್ಕೆ ಐದು ನಿಮಿಷ ಇರುವಾಗಲೇ ಮುಗಿದುಹೋಗುತ್ತದೆ.

"ಪಾಸ್ಟರ್, ನೀವ್ ಹೇಳ್ತಿರೋದು ರೇಸಿಂದಾ, ಸ್ವರ್ಗದ್ದಾ?"

"ಸ್ವರ್ಗದ್ ನಿಯಮ ಎರಡ್ ಸಾವಿರ ವರ್ಷದಿಂದ ಒಂದೇ ಇದೆ ಡ್ವೈಟ್. ಇವರ ಥರ ವರ್ಷಕ್ಕೊಂದಲ್ಲ."

"ಮತ್ತೆ ಈ ಮೂರಕ್ಕೆ ನಾಲ್ಕು ಜನ ಔಟು?" ಎಂದಳು ಟ್ವೈಲಾ, ಕಾಫಿ ಸುರಿಯುತ್ತ.

"ಅದಿದೆ," ಎಂದೆ ನಾನು. ಇತ್ತೋ ಇಲ್ಲವೋ ದೇವರಾಣೆ ನನಗೆ ಗೊತ್ತಿರಲಿಲ್ಲ. ಎಲ್ಲರೂ ಗಟ್ಟಿಯಾಗಿ ಮಾತಾಡುವಾಗ ಸುಮ್ಮನಿದ್ದರೆ ಚೆನ್ನಾಗಿರುವುದಿಲ್ಲ ಎಂದು ಹೇಳಿದೆ, ಅಷ್ಟೇ.

ವರ್ಲೀನ್ ಒಬ್ಬೊಬ್ಬರ ಬಾಯನ್ನೇ ನೋಡುತ್ತಿದ್ದಳು. ಹುಬ್ಬು ಗಂಟಿಕ್ಕಿತ್ತು. ಕೈಯಲ್ಲಿದ್ದ ಸೀಮೆಸುಣ್ಣ ಮುರಿದು ಎರಡಾಗಿತ್ತು, ಅದೂ ಅವಳಿಗೆ ತಿಳಿದಂತಿರಲಿಲ್ಲ.

ಡ್ವೈಟ್ ಅದನ್ನು ಗಮನಿಸಿದ. ಕೆಟ್ಟವನಲ್ಲ, ಆದರೆ ನಾಲಿಗೆಗೆ ಬ್ರೇಕ್ ಇಲ್ಲ. "ಮಿಸ್ ವರ್ಲೀನ್, ನನ್ ಮಗಳ ಮನೇಲಿ ಒಂದ್ ದೊಡ್ಡ ಸ್ಕ್ರೀನ್ ಸುಮ್ನೆ ಬಿದ್ದಿದೆ. ಇಲ್ಲಿ ನೇತುಹಾಕಿದ್ರೆ ಅಂಕ ಎಲ್ಲ ತಾನೇ ಬರತ್ತೆ. ನೀವು ಈ ವಯಸ್ಸಲ್ಲಿ ಏಣಿ ಹತ್ತೋದು ಯಾಕೆ ಹೇಳಿ?"

"ನಿನ್ ವಯಸ್ಸು ನನಗಿಂತ ಎರಡೇ ವರ್ಷ ಕಮ್ಮಿ ಡ್ವೈಟ್," ಎಂದಳು. ಎಲ್ಲರೂ ನಕ್ಕರು. ಅವಳು ನಗಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ನಮ್ಮ ಶೆಡ್ಡಿಗೆ ಬಂದಳು. ನಾನು ಯಾರದೋ ಹುಲ್ಲು ಕತ್ತರಿಸುವ ಯಂತ್ರ ಬಿಚ್ಚಿಕೊಂಡು ಕೂತಿದ್ದೆ. ಪೇಪರಿನಿಂದ ಕತ್ತರಿಸಿದ ಚೂರುಗಳನ್ನು ಬೆಂಚಿನ ಮೇಲೆ ಹರಡಿದಳು. ಅಂಚಿನಲ್ಲೆಲ್ಲ ಪೆನ್ಸಿಲ್ ಲೆಕ್ಕ, ಹೊಡೆದುಹಾಕಿದ್ದು, ಮತ್ತೆ ಬರೆದದ್ದು.

"ಹಾರ್ಲನ್, ನಿಜ ಹೇಳು. ಗೊಂದಲ ಈ ನಿಯಮದಲ್ಲಿದ್ಯಾ, ನನ್ ತಲೇಲಿದ್ಯಾ?"

ನಾನು ಸ್ಪ್ಯಾನರ್ ಕೆಳಗಿಟ್ಟೆ. ಅವಳ ತಾಯಿಗೆ ಏನಾಯಿತೆಂದು ನನಗೆ ಗೊತ್ತು. ಆ ಮುದುಕಿ ಕೊನೆಯ ಆರು ವರ್ಷ ಮಗಳನ್ನು ಅಕ್ಕ ಎಂದು ಕರೆದಳು, ಅಡುಗೆಮನೆಯಲ್ಲಿ ನಿಂತು ಅಡುಗೆಮನೆ ಎಲ್ಲಿ ಎಂದು ಕೇಳಿದಳು. ಅದೆಲ್ಲ ಶುರುವಾದದ್ದು ಚರ್ಚಿನ ಕಾಣಿಕೆ ಎಣಿಸುವಾಗ ತಪ್ಪಿದ್ದರಿಂದ.

"ಅಮ್ಮನಿಗೂ ಮೊದಲು ಲೆಕ್ಕಾನೇ ಹೋಗಿದ್ದು," ಎಂದಳು ಅವಳು, ನಾನು ಏನು ಯೋಚಿಸುತ್ತಿದ್ದೇನೆ ಎಂದು ತಿಳಿದವಳಂತೆ. "ನಿನ್ನೆ ನೀವೆಲ್ಲ ಮಾತಾಡ್ತಿದ್ರಿ. ಎಲ್ಲರಿಗೂ ಅರ್ಥ ಆಗಿದೆ. ನಾನೊಬ್ಳೇ ದಡ್ಡಿ ಥರ ಕೂತಿದ್ದೆ. ಡ್ವೈಟ್ ಒಂದ್ ಹೇಳ್ದ, ಸರಿ ಅನ್ನಿಸ್ತು. ಪಾಸ್ಟರ್ ಇನ್ನೊಂದ್ ಹೇಳಿದ್ರು, ಅದೂ ಸರಿ ಅನ್ನಿಸ್ತು. ನೀನ್ ಹೇಳಿದ್ದೂ."

ನಾನು ಹೇಳಿದ್ದೂ! ನಾಚಿಕೆಯಾಯಿತು. ಆದರೆ ನನಗೂ ಗೊತ್ತಿಲ್ಲ ಕಣೇ ಎಂದು ಅಲ್ಲೇ ಒಪ್ಪಿಕೊಳ್ಳುವ ಬದಲು ಮರ್ಯಾದೆ ಉಳಿಸಿಕೊಳ್ಳುವ ದಾರಿ ಹುಡುಕಿದೆ. "ನಾಳೆ ಅಂಗಡಿಗೆ ಬಾ. ಒಂದ್ ಪರೀಕ್ಷೆ ಮಾಡೋಣ," ಎಂದೆ.

ಮಾರನೆಯ ದಿನ ಟ್ವೈಲಾಳಿಂದ ನಾಲ್ಕು ಕೈ ಒರೆಸುವ ಕಾಗದ ಇಸಿದುಕೊಂಡು ಒಂದೊಂದನ್ನು ಡ್ವೈಟ್, ಪಾಸ್ಟರ್, ಟ್ವೈಲಾ ಇವರ ಮುಂದಿಟ್ಟೆ, ಒಂದು ನಾನು ಇಟ್ಟುಕೊಂಡೆ. "ಹೊಸ ನಿಯಮ ಏನು ಅಂತ ಬರೀರಿ. ಪಕ್ಕದೋರದ್ದು ನೋಡೋ ಹಾಗಿಲ್ಲ."

"ಇದೇನ್ ಸ್ಕೂಲಾ?" ಎಂದು ಗೊಣಗಿದ ಡ್ವೈಟ್, ಆಮೇಲೆ ತೋಳು ಅಡ್ಡ ಇಟ್ಟುಕೊಂಡು ಬರೆದ. ಪಾಸ್ಟರ್ ಎರಡು ಬಾರಿ ಹೊಡೆದುಹಾಕಿದರು. ಟ್ವೈಲಾ ಬರೆಯುವಷ್ಟರಲ್ಲಿ ಬಾಣಲೆಯಲ್ಲಿದ್ದ ಸಾಸೇಜು ಕರಟಿತು. ಎಲ್ಲವನ್ನೂ ಒಟ್ಟು ಮಾಡಿ ವರ್ಲೀನಳ ಮುಂದೆ ಸಾಲಾಗಿ ಇಟ್ಟೆ. ಡ್ವೈಟ್ ಪ್ರಕಾರ ಹದಿನಾರು ಜನ, ಯಾರೂ ಔಟಾಗುವುದಿಲ್ಲ, ಎಲ್ಲರ ಅಂಕವೂ ಸೊನ್ನೆಯಿಂದ. ಪಾಸ್ಟರ್ ಪ್ರಕಾರ ಹನ್ನೆರಡು ಜನ, ಗೆದ್ದವನು ಒಳಗೆ. ಟ್ವೈಲಾ ಪ್ರಕಾರ ಕೊನೆಯ ರೇಸಿನಲ್ಲಿ ನಾಲ್ಕು ಜನ, ಅದರಲ್ಲಿ ಮುಂದೆ ಬಂದವನು ಚಾಂಪಿಯನ್. ಅದು ಹೋದ ವರ್ಷದ್ದು. ನಾನು ಬರೆದದ್ದನ್ನು ಇಲ್ಲಿ ಹೇಳುವುದಿಲ್ಲ, ಅದು ಯಾವ ವರ್ಷದ್ದೂ ಅಲ್ಲ.

ವರ್ಲೀನ್ ಒಂದೊಂದನ್ನೇ ಓದಿದಳು. ಮತ್ತೆ ಮೊದಲಿನಿಂದ ಓದಿದಳು. ಅವಳ ಭುಜ ಅಲ್ಲಾಡತೊಡಗಿತು. ಅಳುತ್ತಿದ್ದಾಳೆ ಎಂದುಕೊಂಡು ಹೆದರಿದೆ. ನಗುತ್ತಿದ್ದಳು.

"ದಡ್ಡ ಶಿಖಾಮಣಿಗಳಾ! ನಾಲ್ಕು ಜನ, ನಾಲ್ಕು ನಿಯಮ! ನಾನಿಲ್ಲಿ ಒಂದ್ ವಾರದಿಂದ ನಿದ್ದೆಗೆಟ್ಟು ಕೂತಿದೀನಿ!"

"ನನ್ನದು ಸರಿ ಇದೆ," ಎಂದ ಡ್ವೈಟ್.

"ಸೊನ್ನೆಯಿಂದ ಅಂತ ಬರ್ದಿದೀಯ. ಬಾಯ್ಮುಚ್ಚು. ಟ್ವೈಲಾ, ಜಾಮ್ ಡಬ್ಬಿ ತಾರಮ್ಮ, ಹದಿನಾರು."

ಟ್ವೈಲಾ ದ್ರಾಕ್ಷಿ ಜಾಮಿನ ಚಿಕ್ಕ ಡಬ್ಬಿಗಳ ಬುಟ್ಟಿಯನ್ನೇ ತಂದಿಟ್ಟಳು. ವರ್ಲೀನ್ ಹದಿನಾರನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಳು. ನಮ್ಮ ನಾಲ್ಕು ತಪ್ಪುಗಳನ್ನು ಎದುರಿಗೆ ಇಟ್ಟುಕೊಂಡಾಗ ಅವಳಿಗೆ ದಾರಿ ಕಂಡಿತೋ ಏನೋ, ಪೇಪರಿನ ಚೂರನ್ನು ಒಮ್ಮೆ ನೋಡಿ ಶುರು ಮಾಡಿದಳು. ಮೊದಲ ಇಪ್ಪತ್ತಾರು ರೇಸಿನಲ್ಲಿ ಯಾರು ಹೆಚ್ಚು ಅಂಕ ಗಳಿಸುತ್ತಾರೋ ಆ ಹದಿನಾರು ಜನ. ಬರೀ ಒಂದು ರೇಸು ಗೆದ್ದ ಮಾತ್ರಕ್ಕೆ ಒಳಗಿಲ್ಲ. ಆಮೇಲೆ ಎಲ್ಲರ ಅಂಕವನ್ನೂ ಹೊಸದಾಗಿ ಹಂಚುತ್ತಾರೆ, ಮೊದಲನೆಯವನಿಗೆ ಹೆಚ್ಚು, ಕೊನೆಯವನಿಗೆ ಕಡಿಮೆ. ಒಂದೊಂದು ಡಬ್ಬಿಯನ್ನೂ ಒಂದೊಂದು ಬೆರಳಿನಷ್ಟು ಹಿಂದೆ ಸರಿಸಿದಳು. ಕೊನೆಯ ಹತ್ತು ರೇಸಿನಲ್ಲಿ ಯಾರನ್ನೂ ಆಚೆ ಹಾಕುವುದಿಲ್ಲ. ಹತ್ತರ ಅಂಕವನ್ನೂ ಕೂಡಿದರೆ ಯಾರು ಮುಂದೆಯೋ ಅವನೇ ಚಾಂಪಿಯನ್.

"ಇಷ್ಟೇನಾ?" ಎಂದರು ಪಾಸ್ಟರ್.

"ಇಷ್ಟೇ. ಹಳೇ ಕಾಲಕ್ಕೆ ಅರ್ಧ ದಾರಿ ವಾಪಸ್ ಬಂದಿದಾರೆ. ಗ್ರೇಡಿ ಇದ್ದಿದ್ರೆ ಖುಷಿ ಪಡ್ತಿದ್ದ."

ನನ್ನ ಎದೆಯ ಮೇಲಿಂದ ಮಿಲ್ಲಿನ ಮಗ್ಗವೊಂದನ್ನು ಎತ್ತಿ ಆಚೆ ಇಟ್ಟ ಹಾಗಾಯಿತು. ಗೊಂದಲ ನಿಯಮದ್ದೇ, ತಲೆಯದ್ದಲ್ಲ! ಡ್ವೈಟ್ ಕೂಡ ಟೋಪಿ ತೆಗೆದು ತಲೆ ಕೆರೆದುಕೊಂಡು, "ಸ್ಕ್ರೀನ್ ಮಗಳ ಮನೇಲೇ ಇರ್ಲಿ ಬಿಡಿ," ಎಂದ. ಆಮೇಲೆ ಮೆಲ್ಲಗೆ ಸೇರಿಸಿದ: "ಆದ್ರೆ ಮಿಸ್ ವರ್ಲೀನ್, ಆ ಮಗ್ಗು... ಮೂರ್ ವರ್ಷ ಆಯ್ತು. ಈ ಸಲದ ಸೋಮವಾರ ಹೆಸರು ಕೂಗ್ಲಾ?"

ಅವಳು ಕೊಕ್ಕೆಯ ಕಡೆ ನೋಡಿದಳು. "ಕೂಗು," ಎಂದಳು.

ಫೆಬ್ರವರಿಯ ಆ ಸೋಮವಾರ ಅಂಗಡಿ ತುಂಬಿತ್ತು. ಚಾಲಕರ ಅದಲುಬದಲಿಯ ಬಗ್ಗೆ ಬೆಳಿಗ್ಗೆಯೇ ವಾದ ಕಾವೇರಿತ್ತು. ಇಂಥವನನ್ನು ಇಂಥ ತಂಡ ಯಾಕೆ ಬಿಟ್ಟಿತು, ಇಪ್ಪತ್ತು ವರ್ಷದ ಹುಡುಗರಿಗೆಲ್ಲ ದೊಡ್ಡ ಕಾರು ಕೊಟ್ಟರೆ ಗೋಡೆಗೆ ಗುದ್ದದೆ ಇನ್ನೇನು ಮಾಡುತ್ತಾರೆ, ಅಪ್ಪನ ದುಡ್ಡಿನಿಂದ ಬಂದವರು ಎಷ್ಟು ಜನ, ಹೀಗೆ. ವರ್ಲೀನ್ ಚರ್ಚಿಗೆ ಹಾಕುವ ನೀಲಿ ಸ್ವೆಟರ್ ತೊಟ್ಟು ಬಂದಳು. ನಾನು ಏಣಿ ಹಿಡಿದೆ. ಅವಳು ಮೇಲೆ ಹತ್ತಿ ಹೊಸ ವರ್ಷದ ಪಟ್ಟಿ ಶುರು ಮಾಡಿದಳು.

ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಕಾರಿನ ನಂಬರು, ಚಾಲಕನ ಹೆಸರು, ಕಾರಿನ ನಂಬರು, ಚಾಲಕನ ಹೆಸರು. ಈ ಚಳಿಗಾಲದಲ್ಲಿ ಏಳು ಜನ ಅದಲುಬದಲಾಗಿದ್ದರು, ಏಳೂ ಸರಿಯಾಗಿ ಬರೆದಳು. ವಿಸ್ಕಾನ್ಸಿನ್ನಿನ ಹೊಸ ಹುಡುಗನ ಹೆಸರು ಹೇಳಲಿಕ್ಕೇ ಬಾಯಿ ತಿರುಗದು, ಅದನ್ನೂ ಒಂದಕ್ಷರ ತಪ್ಪದೆ ಬರೆದಳು. ಹಿಂದೆ ನಿಂತ ಡ್ವೈಟ್ ಫೋನಿನಲ್ಲಿದ್ದ ಪಟ್ಟಿ ನೋಡುತ್ತ ಒಂದೊಂದಕ್ಕೂ ತಲೆದೂಗುತ್ತಿದ್ದ. 58ರ ಎದುರು ಬರಬೇಕಾದದ್ದು ಕೋಯ್ ಲ್ಯಾಂಬೆತ್. ಅವಳು ಅಲ್ಲಿ ಖಾಲಿ ಬಿಟ್ಟಳು. ಆಮೇಲೆ ಬರೆಯುತ್ತಾಳೆ ಎಂದುಕೊಂಡೆ. 72 ಬಂತು. ಅದನ್ನು ಮೂರು ವರ್ಷದಿಂದ ಓಡಿಸುತ್ತಿರುವವನು ಕ್ಯಾಲಿಫೋರ್ನಿಯಾದ ಬ್ರಾಕ್ ಡೆಲಾನಿ ಎಂಬ ಹುಡುಗ. ಮೂರು ವರ್ಷವೂ ಅವಳೇ ತನ್ನ ಕೈಯಾರೆ ಅವನ ಹೆಸರು ಬರೆದಿದ್ದಾಳೆ.

72ರ ಎದುರು ಅವಳು ಕೋಯ್ ಲ್ಯಾಂಬೆತ್ ಎಂದು ಬರೆದಳು. ದಪ್ಪಗೆ, ಚೆಂದಗೆ, ಗ್ರೇಡಿ ಇದ್ದಾಗ ಬರೆಯುತ್ತಿದ್ದ ಹಾಗೆ.

ಫೋನ್ ಹಿಡಿದ ಡ್ವೈಟನ ಕೈ ಕೆಳಗಿಳಿಯಿತು. ವಾದ ಮಾಡುತ್ತಿದ್ದವರು ಒಬ್ಬೊಬ್ಬರಾಗಿ ಹಲಗೆಯ ಕಡೆ ತಿರುಗಿದರು. ನನಗೆ ತಲೆಬುಡ ತಿಳಿಯಲಿಲ್ಲ. ಹದಿನಾರು ಜಾಮ್ ಡಬ್ಬಿ ಇಟ್ಟು ನಮಗೆಲ್ಲ ಪಾಠ ಹೇಳಿದವಳು ಇವಳೇ ತಾನೇ? ಕಷ್ಟದ್ದೆಲ್ಲ ಬಂತು, ಸುಲಭದ್ದು ಹೇಗೆ ಹೋಯಿತು? ಬೇಕೆಂದೇ ಬರೆದಳೋ, ಮರೆತು ಬರೆದಳೋ? ಅವಳ ಮುಖ ನೋಡಿದೆ. ಯಾವ ಗೊಂದಲವೂ ಇರಲಿಲ್ಲ. ಇಷ್ಟು ನಿರಾಳವಾದ ಮುಖವನ್ನು ಮೂರು ವರ್ಷದಲ್ಲಿ ನಾನು ಕಂಡಿರಲಿಲ್ಲ. ಅದರಿಂದಲೇ ನನಗೆ ಹೆದರಿಕೆಯಾಯಿತು.

ಅವಳು ಕೆಳಗಿಳಿದು ಕೈಯ ಸುಣ್ಣ ಒರೆಸಿಕೊಂಡು, ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕೂತಳು. "ಏನ್ರೀ ಎಲ್ಲ ಹೀಗ್ ನಿಂತಿದೀರಿ? ಡ್ವೈಟ್, ಹೆಸರು ಕೂಗು."

ಡ್ವೈಟ್ ಮೊದಲು ಇನ್ನಿಬ್ಬರ ಹೆಸರು ಕೂಗಿದ. ಒಬ್ಬ ನಂಬರು ಎಂದ, ಒಬ್ಬಳು ಮನುಷ್ಯ ಎಂದಳು. ಪ್ರತಿ ವರ್ಷ ತಟ್ಟುವಂತೆ ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ದ್ರೋಹಿ ಎಂದು ಕಿಚಾಯಿಸಲಿಲ್ಲ. ಆಮೇಲೆ ಅವನು ನನ್ನ ಕಡೆ ನೋಡಿದ. ನಾನು ಬೇಡ ಎಂದು ತಲೆ ಆಡಿಸಿದೆ. ಆದರೆ ಅವಳು ಕಾಯುತ್ತಿದ್ದಳು.

"ಗ್ರೇಡಿ ಫೆಸ್ಪರ್ಮನ್," ಎಂದ ಡ್ವೈಟ್. ದನಿ ಅವನದಲ್ಲದ ಹಾಗಿತ್ತು. "ನಂಬರೋ, ಮನುಷ್ಯನೋ?"

ವರ್ಲೀನ್ ಏಳಲಿಲ್ಲ. ಪಕ್ಕದಲ್ಲಿದ್ದ ನನ್ನ ತೋಳು ಹಿಡಿದು ಮೆಲ್ಲಗೆ ತಳ್ಳಿದಳು.

"ಏಳು, ನಿನ್ನನ್ನೇ ಕೇಳ್ತಿರೋದು. ಬುಧವಾರ ಕೇಳಿದ್ರೆ ಟೈರ್ ಒಡೆಯತ್ತೆ ಅಂದೆ. ಇವತ್ತು ಸೋಮವಾರ ಅಲ್ವಾ? ಹೇಳು ಗ್ರೇಡಿ."

ನಾನು ಎದ್ದು ನಿಂತೆ. ನಾನು ಹಾರ್ಲನ್ ಕಣೇ ಎನ್ನಲು ಬಾಯಿ ತೆರೆದೆ. ಹಾಗೆಂದರೆ ಅವಳಿಗೆ ತಿಳಿಯುತ್ತದೆ, ಜನವರಿಯಲ್ಲಿ ಕೇಳಿದ ಪ್ರಶ್ನೆಗೆ ಎಲ್ಲರ ಎದುರಿಗೇ ಉತ್ತರ ಸಿಕ್ಕಿಬಿಡುತ್ತದೆ. ಸರಿ, ಅಣ್ಣನಾಗಿಯೇ ಹೇಳೋಣ ಎಂದರೆ ಅವನು ಏನು ಹೇಳುತ್ತಿದ್ದ? ಮೂರು ವರ್ಷ ನಾನೂ ಅದನ್ನೇ ಯೋಚಿಸಿದ್ದೆ. ನಂಬರು ಎಂದರೆ ಅಪ್ಪ ಉಳಿಯುತ್ತಾನೆ, ಕೋಯ್ ಹೋಗುತ್ತಾನೆ. ಮನುಷ್ಯ ಎಂದರೆ ಬಾಗಿಲ ಮೇಲೆ ಅಪ್ಪ ಬರೆದ ಆ ವಕ್ರ 72 ಹೋಗುತ್ತದೆ. ಒಂದೇ ಅಚ್ಚಿನ ಮುಖ ಇದ್ದು ಏನು ಬಂತು, ಅವನ ಮನಸ್ಸು ನನಗೆ ಗೊತ್ತಿರಲಿಲ್ಲ. ಹಲಗೆಯ ಕಡೆ ನೋಡಿದೆ. 72, ಕೋಯ್ ಲ್ಯಾಂಬೆತ್. ಅಲ್ಲಿ ಅವಳು ಎರಡರಲ್ಲಿ ಒಂದನ್ನೂ ಬಿಟ್ಟುಕೊಟ್ಟಿರಲಿಲ್ಲ.

"ಎರಡೂ," ಎಂದೆ.

ಅವಳ ಹುಬ್ಬು ಗಂಟಿಕ್ಕಿತು. "ಎರಡೂ ಅನ್ನೋ ಹಾಗಿಲ್ವಲ್ಲ? ಅಲ್ವಾ ಡ್ವೈಟ್? ನೀನೇ ತಾನೇ ಮಾಡಿದ್ದು?"

ಹೌದು, ಅವನೇ ಮಾಡಿದ್ದು. ಒಮ್ಮೆ ಅವನ ಸ್ವಂತ ಭಾವಮೈದುನ ಎರಡೂ ಎಂದದ್ದಕ್ಕೆ ಒಂದು ವರ್ಷ ಅವನ ಮಗ್ಗನ್ನು ಕೊಕ್ಕೆಯಿಂದ ಇಳಿಸಿದ್ದ. ಮೇಲಿನವರು ನಿಯಮ ಮುಟ್ಟಿದಾಗಲೆಲ್ಲ ಹೆಚ್ಚು ಬೈದವನೂ ಅವನೇ. ಅವನು ಹಲಗೆ ನೋಡಿದ, ವರ್ಲೀನಳನ್ನು ನೋಡಿದ, ಟೋಪಿ ತೆಗೆದ.

"ಆ ನಿಯಮ ಬದಲಾಗಿದೆ ಮಿಸ್ ವರ್ಲೀನ್. ಈ ವರ್ಷದಿಂದ ಎರಡೂ ಅನ್ನಬಹುದು."

"ಬದಲಾಯ್ತಾ? ಯಾವಾಗ? ನಂಗ್ಯಾರೂ ಹೇಳ್ಲೇ ಇಲ್ಲ!"

"ಈಗ ತಾನೇ," ಎಂದರು ಪಾಸ್ಟರ್ ಪರ್ವಿಸ್. "ಎಲ್ಲರೂ ಒಪ್ಪಿದೀವಿ." ಅವರು ಅಂಗಡಿಯನ್ನೆಲ್ಲ ಒಮ್ಮೆ ನೋಡಿದರು. ಬೆಳಿಗ್ಗೆಯಿಂದ ವಾದದಲ್ಲಿ ಒಬ್ಬರಿಗೊಬ್ಬರು ಜಗ್ಗದವರೆಲ್ಲ ಪ್ರಾರ್ಥನೆಯಲ್ಲಿ ಕೂತವರಂತೆ ತಲೆ ಆಡಿಸಿದರು. ಡ್ವೈಟ್ ಫೋನನ್ನು ಜೇಬಿಗೆ ಹಾಕಿಕೊಂಡ.

ವರ್ಲೀನ್ ನಕ್ಕಳು. "ಈ ಗಂಡಸರಿಗೆ ಒಂದ್ ನಿಯಮಾನ ನೆಟ್ಟಗೆ ಇಟ್ಕೊಳಕ್ಕೆ ಬರಲ್ಲ," ಎಂದು ಎದ್ದು ಹೋಗಿ ಕೊಕ್ಕೆಯಿಂದ 72ರ ಮಗ್ಗನ್ನು ಇಳಿಸಿದಳು. ಟ್ವೈಲಾ ಅದಕ್ಕೆ ಕಾಫಿ ಸುರಿದಳು. ವರ್ಲೀನ್ ಅದನ್ನು ತಂದು ನನ್ನ ಮುಂದೆ ಇಟ್ಟು ಎದುರಿಗೆ ಕೂತಳು.

"ಇಷ್ಟೇನಾ ಗ್ರೇಡಿ? ಎರಡೂ ಅನ್ನೋಕೆ ಮೂರು ವರ್ಷ ಬೇಕಾಯ್ತಾ ನಿಂಗೆ? ನಾನು ಏನೇನೋ ಅಂದ್ಕೊಂಡು ಸಾಯ್ತಿದ್ದೆ."

"ತಪ್ಪಾಯ್ತು," ಎಂದೆ.

ನಾನು ಕಾಫಿಗೆ ಸಕ್ಕರೆ ಹಾಕಿಕೊಳ್ಳುವವನಲ್ಲ. ಅವಳು ಒಂದು ಚಮಚ ಹಾಕಿದಳು, ಎರಡು, ಮೂರು. ಚೆನ್ನಾಗಿ ಕಲಕಿ ನನ್ನ ಕಡೆ ಸರಿಸಿದಳು. ನಾನು ಪೂರ್ತಿ ಕುಡಿದೆ.